ಕೌದಿಯ ಮೂಲೆಯ ತುತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರಿಗೂ ಗೊತ್ತು, ಚರ್ಚಿನವರಿಗೂ ಗೊತ್ತು. ಈ ಒಂದು ಸಂಗತಿಯಲ್ಲಿ ಮಾತ್ರ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ವರ್ಷಗಟ್ಟಲೆ ಹುಡುಕಿದ್ದೇನೆ. ನಮ್ಮ ಸಭೆಯ ಹಿರಿಯರೊಬ್ಬರ ಮೇಲೆ ಹಾಕಿ ನೋಡಿದೆ, ಅವರ ಹೆಂಡತಿಯ ಮೇಲೆ ಹಾಕಿ ನೋಡಿದೆ. ಅದು ಸುತ್ತಿ ಬಳಸಿ ನನ್ನ ಹತ್ತಿರವೇ ಬಂದು ಕೂಡುತ್ತದೆ. ಆದ್ದರಿಂದ ಬರೆದು ಬಿಡುತ್ತೇನೆ.

ವಾರದ ಆರು ದಿನ ನಾನು ಕಿತ್ತೂರಿನ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಭಾನುವಾರ ಬೈಲಹೊಂಗಲದ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ, ಆರಾಧನೆಗೆ ಮುಂಚೆ, ದೊಡ್ಡ ಮಕ್ಕಳ ಸಂಡೇ ಸ್ಕೂಲ್ ನಡೆಸುತ್ತೇನೆ. ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಹನ್ನೊಂದು ಮಕ್ಕಳು. ಹುಡುಗರು ಹೊಸದಾಗಿ ಬಂದ ಮೀಸೆಯನ್ನು ಮುಟ್ಟಿ ನೋಡಿಕೊಳ್ಳುತ್ತ ಹಿಂದೆ ಕೂಡುವವರು, ಹುಡುಗಿಯರು ಮುಂದೆ. ಪ್ರತಿ ವರ್ಷ ಸುಗ್ಗಿ ಹಬ್ಬದ ಮುಂಚಿನ ಮೂರು ವಾರ ಅವರಿಗೆ ಕೊಡುವುದರ ಬಗ್ಗೆ ಪಾಠ ಮಾಡಬೇಕು. ಅದು ನನಗೆ ಬಲು ಇಷ್ಟದ ಪಾಠವಾಗಿತ್ತು. ಬೇರೆಯವರಿಗೆ ಕೊಡಲು ಹೇಳುವುದು ಯಾರಿಗೆ ಇಷ್ಟವಿಲ್ಲ?

ನಮ್ಮ ಸುಗ್ಗಿ ಹಬ್ಬವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಜನವರಿ ಕಡೆಯ ಭಾನುವಾರ ಸಭೆಯವರೆಲ್ಲ ತಮ್ಮ ಹೊಲದ, ಮನೆಯ ಮೊದಲ ಫಲವನ್ನು ತಂದು ವೇದಿಕೆಯ ಮುಂದೆ ಇಡುತ್ತಾರೆ. ಕಬ್ಬಿನ ಜಲ್ಲೆ, ಹಸಿ ಕಡಲೆ ಗಿಡದ ಕಟ್ಟು, ಬೆಲ್ಲದ ಪೆಂಟೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅವೆಲ್ಲ ಅಂಗಳದಲ್ಲಿ ಲಿಲಾವಿಗೆ ಬರುತ್ತವೆ. ಕೂಗಿ ಕೂಗಿ ಬೆಲೆ ಏರಿಸಿ ಕೊಳ್ಳುವುದೇ ಒಂದು ಭಕ್ತಿ. ಇಬ್ಬರು ಉಳ್ಳವರು ಜಿದ್ದಿಗೆ ಬಿದ್ದರೆ ಒಂದು ನಿಂಬೆಹಣ್ಣು ಕುರಿಯ ಬೆಲೆಗೆ ಹೋಗುತ್ತದೆ. ಕೊಂಡವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ತಂದು ಇಟ್ಟವರ ಹೆಸರನ್ನು ಯಾರೂ ಕೇಳುವುದಿಲ್ಲ.

ನನ್ನ ತರಗತಿಯ ಮಕ್ಕಳು ಈ ಹಬ್ಬಕ್ಕೆ ತರುತ್ತಿದ್ದದ್ದು ಏನೆಂದರೆ, ದಾರಿಯ ಅಂಗಡಿಯಲ್ಲಿ ಕೊಂಡ ತೆಂಗಿನಕಾಯಿ, ಕರಿ ಬಿದ್ದ ಬಾಳೆಹಣ್ಣು, ನೆಂಟರು ತಂದು ಯಾರೂ ತಿನ್ನದೆ ಉಳಿದ ಬಿಸ್ಕೀಟು. ಆ ವರ್ಷ ನನಗೆ ರೇಗಿತು. ಚೆನ್ನಾಗಿ ಬೈದು, ಕಡೆಗೆ ಒಂದು ಮಾತು ಹೇಳಿದೆ.

"ಕೊಟ್ಟ ಮ್ಯಾಲ ಮನ್ಯಾಗ ಅದರ ಜಾಗಾ ಖಾಲಿ ಕಾಣಬೇಕು. ಕಾಣಲಿಲ್ಲ ಅಂದ್ರ ನೀವು ಕೊಟ್ಟಿಲ್ಲ, ಚೆಲ್ಲೀರಿ."

ಮಾತು ನನಗೇ ಬಹಳ ಹಿಡಿಸಿತು. ಅದನ್ನು ಸ್ವಲ್ಪ ಗ್ರಂಥದ ಕನ್ನಡಕ್ಕೆ ತಿದ್ದಿ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ, ನಾನು ಹೇಳುವವರೆಗೆ ಅಳಿಸಬೇಡಿ ಎಂದೆ.

ಮೊದಲ ಬೆಂಚಿನಲ್ಲಿ ಕಿಟಕಿಯ ಕಡೆ ಒಬ್ಬ ಹುಡುಗಿ ಕೂಡುತ್ತಿದ್ದಳು, ಒಂಬತ್ತನೆಯ ತರಗತಿ. ಅಪ್ಪನ ಊರು ರಾಮದುರ್ಗದ ಕಡೆಯ ಸುರೇಬಾನ. ಅಪ್ಪ ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಹುಡುಗಿಯ ಶಾಲೆ ತಪ್ಪಬಾರದೆಂದು ಅವ್ವನ ತಾಯಿ ಬಂದು ಬೈಲಹೊಂಗಲದಲ್ಲಿ ಒಂದು ಕೋಣೆ ಹಿಡಿದು ಜೊತೆಗಿದ್ದಳು. ಆ ಅಜ್ಜಿ ನಮ್ಮವಳಲ್ಲ, ಸಿರಸಂಗಿಯವಳು, ಕಾಳಿಕಾದೇವಿಗೆ ನಡೆದುಕೊಳ್ಳುವವಳು. ಆದರೂ ಭಾನುವಾರ ಮೊಮ್ಮಗಳ ತಲೆ ಬಾಚಿ, ಹೊತ್ತಿಗೆ ಸರಿಯಾಗಿ ಚರ್ಚಿಗೆ ಕಳಿಸುತ್ತಿದ್ದಳು. ನಾನು ಒಂದೆರಡು ಸಲ ಅವರ ಕೋಣೆಗೆ ಹೋದಾಗ ಬರಿಗೈಯಲ್ಲಿ ಹೊರಬಿದ್ದದ್ದೇ ಇಲ್ಲ. ಎರಡು ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಹಳೆಯ ಪೇಪರಿನಲ್ಲಿ ಸುತ್ತಿ ಕೈಗಿಡುತ್ತಿದ್ದಳು. ನಾನು ಅದನ್ನು ಹಳ್ಳಿಯವರ ರೂಢಿ ಎಂದುಕೊಂಡಿದ್ದೆ. ಕೊಡುವುದರ ಪಾಠಕ್ಕೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಹಬ್ಬದ ದಿನ ಆ ಹುಡುಗಿ ಒಂದು ಕೌದಿ ತಂದು ಇಟ್ಟಳು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ, ನಮ್ಮ ಕಡೆಯ ದಪ್ಪ ಹೊದಿಕೆ. ಕೆಂಪು, ಗಿಣಿ ಹಸಿರು, ನಡುವೆ ಒಂದು ಹಳದಿ ಚೌಕ, ಹೊಲಿಗೆ ಗೆರೆ ಎಳೆದಂತೆ ನೇರ. ಕುಂಬಳಕಾಯಿ, ಕಬ್ಬಿನ ನಡುವೆ ಅದನ್ನು ಮಡಚಿ ಇಟ್ಟು ಬಂದು ಕೂತಳು. ನನಗೆ ಎದೆ ಉಬ್ಬಿತು. ಪಕ್ಕದಲ್ಲಿದ್ದವರಿಗೆ, ಅವಳು ನನ್ನ ತರಗತಿಯವಳು ಎಂದೆ. ಮಿಕ್ಕ ಹತ್ತು ಮಕ್ಕಳು ಎಂದಿನಂತೆ ತೆಂಗಿನಕಾಯಿ ತಂದಿದ್ದರು. ನಾನು ಏನು ತಂದಿದ್ದೆ? ಅರ್ಧ ಡಜನ್ ಬಾಳೆಹಣ್ಣು. ಬರುವ ದಾರಿಯಲ್ಲಿ ಕೊಂಡಿದ್ದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಲಿಲಾವಿನಲ್ಲಿ ಕುಂಬಳಕಾಯಿಗೆ ಜಿದ್ದು ಬಿದ್ದು ಅಂಗಳವೆಲ್ಲ ನಗು. ಕೊಂಡವರು ಮತ್ತೆ ದಾನ ಕೊಟ್ಟರು, ಮತ್ತೆ ಕೂಗಿದರು, ಹೀಗೆ ಮೂರು ಸಲ ಅದೇ ಕುಂಬಳಕಾಯಿ. ಆಮೇಲೆ ಕೌದಿಯನ್ನು ಬಿಚ್ಚಿ ಎತ್ತಿ ಹಿಡಿದರು. ಹಿಂದಿನಿಂದ ಯಾರೋ ಹಳೇ ಸೀರೆಯ ವಾಸನೆ ಎಂದರು. ಯಾರೂ ಕೂಗಲಿಲ್ಲ. ಹುಡುಗಿ ಮುಂದಿನ ಸಾಲಿನಿಂದ ಹೊರಳಿ ನನ್ನನ್ನು ನೋಡಿದಳು. ಶಾಬಾಸಕಿಗೆ ನೋಡುತ್ತಿದ್ದಾಳೆ ಎಂದುಕೊಂಡು ನಾನು ನಕ್ಕು ತಲೆಯಾಡಿಸಿದೆ.

ನಾನು ಕೈ ಎತ್ತಬಹುದಿತ್ತು, ಪರ್ಸಿನಲ್ಲಿ ಅಷ್ಟು ಇತ್ತು. ಆದರೆ ನಮ್ಮ ಯಜಮಾನರಿಗೆ ಜವಾರಿ ಕೋಳಿ ಎಂದರೆ ಜೀವ, ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ಕೌದಿಗೆ ಕೂಗಿದರೆ ಕೋಳಿ ಕೈ ತಪ್ಪುತ್ತಿತ್ತು. ಸುಮ್ಮನೆ ಕೂತೆ. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ, ಸಭೆಯ ಹಿರಿಯರೊಬ್ಬರು ಕಡೆಗೆ ಕನಿಕರಕ್ಕೆಂಬಂತೆ ಒಂದು ಬೆಲೆ ಹೇಳಿದರು. ಟೆಂಪೋದ ಸೀಟಿಗೆ ಆಗುತ್ತದೆ ಎಂದರು, ಜನ ನಕ್ಕರು, ಕೌದಿ ಅವರದಾಯಿತು. ಮುಂದೆ ಕೋಳಿ ಬಂತು. ಅದಕ್ಕೆ ಇಬ್ಬರು ಪೈಪೋಟಿಗೆ ಬಂದರೂ ನಾನು ಬಿಡಲಿಲ್ಲ. ಮೈಕಿನಲ್ಲಿ ನನ್ನ ಹೆಸರು ಬಂತು, ಚಪ್ಪಾಳೆಯೂ ಬಿತ್ತು. ಅವತ್ತು ಮಧ್ಯಾಹ್ನದ ಸಾರು ಚೆನ್ನಾಗಿಯೇ ಇತ್ತು.

ಮಂಗಳವಾರ ಸಂಜೆ ಅಜ್ಜಿ ನಮ್ಮ ಮನೆಗೆ ಬಂದಳು. ಕುಡಿಯಲು ಚಹಾ ಕೊಟ್ಟೆ, ಲೋಟವನ್ನು ಪಕ್ಕಕ್ಕಿಟ್ಟಳು. ಚರ್ಚಿನ ಕಾರ್ಯಕ್ರಮದಲ್ಲಿ ಹಾಸಲೆಂದು ಮೊಮ್ಮಗಳು ಕೌದಿ ಒಯ್ದಿದ್ದಾಳೆ ಎಂದು ಅವಳ ತಿಳುವಳಿಕೆ. ಹುಡುಗಿ ಬಾಯಿ ಬಿಟ್ಟು ಹೇಳಿರಲಿಲ್ಲ.

"ಕಾರ್ಯಕ್ರಮ ಮುಗೀತಲ್ಲರಿ ಅಕ್ಕೋರ, ಕೌದಿ ಒಯ್ತೇನಿ. ಥಂಡಿ ಭಾಳ ಐತಿ," ಎಂದಳು.

ನಾನು ಅವಳಿಗೆ ವಿವರಿಸಿದೆ. ದೇವರ ಮುಂದೆ ಇಟ್ಟದ್ದನ್ನು ಮರಳಿ ಕೇಳಬಾರದು, ಮೊಮ್ಮಗಳು ದೊಡ್ಡ ಮನಸ್ಸು ಮಾಡಿದ್ದಾಳೆ, ನಿಮಗೆ ಹೆಮ್ಮೆ ಆಗಬೇಕು ಎಂದೆಲ್ಲ ಹೇಳಿದೆ. ಹಲಗೆಯ ಮೇಲಿನ ಮಾತನ್ನೂ ಹೇಳಿದೆ. ಆ ಮುದುಕಿಗೆ ನಾನು ಕೊಡುವುದರ ಪಾಠ ಮಾಡಿದೆ! ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕೊಡೂದು ಛಲೋನರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೌದಿ ಆಕೀದಲ್ಲರಿ, ನಂದು. ಇನ್ನೊಬ್ರದು ತಗದು ಕೊಡು ಅಂತ ನೀವು ಕಲಿಸಿರಾಕಿಲ್ಲ. ಆಕೀನ ತಪ್ಪ ತಿಳಕೊಂಡಾಳ."

ನನ್ನ ಪರವಾಗಿ ಅವಳೇ ನೆಪ ಹುಡುಕಿ ಕೊಟ್ಟಳು. ಆಮೇಲೆ ತಾನಾಗಿ ಹೇಳುತ್ತ ಹೋದಳು. ಮಗಳು ಗೋವಾಕ್ಕೆ ಹೋಗುವಾಗ ಬಿಟ್ಟುಹೋದ ಸೀರೆಗಳನ್ನು ಕೂಡಿಸಿ ಒಂದು ಬೇಸಿಗೆ ಪೂರಾ ಕೂತು ಹೊಲಿದದ್ದು. ಈಗ ಸೂಜಿಯ ಕಣ್ಣು ಕಾಣುವುದಿಲ್ಲ, ಇನ್ನೊಂದು ಹೊಲಿಯುವುದು ಆಗದು. ಹುಡುಗಿ ಅವ್ವನ ನೆನಪಾದಾಗ ಹಳದಿ ಚೌಕದ ಮೇಲೆ ಕೆನ್ನೆ ಇಟ್ಟು ಮಲಗುತ್ತಾಳೆ. ಕೌದಿಯ ಕಡೆಯ ಮೂಲೆ ಮುಚ್ಚುವ ಮುಂಚೆ ಅಜ್ಜಿ ಒಳಗೆ ಒಂದು ತುಂಡು ರೊಟ್ಟಿ ಇಟ್ಟು ಹೊಲಿದಿದ್ದಾಳೆ. ಅವರ ಮನೆಯ ರೂಢಿ ಅದು. ಕೌದಿ ಹಸಿದಿರಬಾರದು, ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ.

ನಾನು ಒಳಗೆ ಹೋಗಿ ಕಪಾಟಿನಿಂದ ಒಂದು ಬ್ಲಾಂಕೆಟ್ ತಂದೆ. ನಾಲ್ಕು ಇದ್ದವು, ಅದರಲ್ಲಿ ಹಳೆಯದನ್ನೇ ಆರಿಸಿ ತಂದೆ. ಅಜ್ಜಿ ಕೈಮುಗಿದು ಬೇಡವೆಂದು ಎದ್ದಳು. ಚಹಾ ಹಾಗೇ ಆರಿಹೋಗಿತ್ತು.

ಮರುದಿನ ಶಾಲೆ ಬಿಟ್ಟು ಬರುವಾಗ ಹಿರಿಯರ ಮನೆಗೆ ಹೋದೆ. ಕೌದಿ ವರಾಂಡದ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಒಂದು ಮೂಲೆಯ ಹೊಲಿಗೆಯನ್ನು ಕತ್ತರಿಸಿದ್ದರು, ಅದು ಅರಳೆ ಬಿಟ್ಟ ಹತ್ತಿ ಕಾಯಿಯಂತೆ ಬಾಯಿ ತೆರೆದಿತ್ತು. ಇರುವೆ ಹತ್ತಿದ್ದವಂತೆ. ಹಿರಿಯರ ಹೆಂಡತಿ ಕತ್ತರಿಸಿ ನೋಡಿ, ಒಳಗಿದ್ದ ಒಣ ರೊಟ್ಟಿಯನ್ನು ತೆಗೆದು ಎಸೆದಿದ್ದರು. ಎಂಥ ಹೊಲಸು ಮಂದಿ ಎಂದು ನನ್ನ ಎದುರಿಗೇ ಅಂದರು. ನಾನು ಅದು ಹೊಲಸಲ್ಲ ಎನ್ನಲಿಲ್ಲ. ಕೌದಿ ಕೇಳಲು ಬಂದವಳು, ಮಾತು ಬೆಳೆಸಲು ಬಂದವಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಿಟ್ಟಿಗೆ ಹೆಸರಾದವಳು ನಾನು, ಬೇಕಾದ ದಿನ ಅದು ಬರಲಿಲ್ಲ.

ಕೌದಿ ಮರಳಿ ಕೊಡಲು ಹಿರಿಯರು ಕೂಡಲೇ ಒಪ್ಪಿದರು. ಅದನ್ನು ನಾನು ಮುಚ್ಚಿಡಬಾರದು, ಅವರು ಜಿಪುಣರಲ್ಲ. ಆದರೆ ಒಂದು ಮಾತು ಸೇರಿಸಿದರು.

"ಹಿಂಗ ಸುಮ್ನ ಒಯ್ಯಬ್ಯಾಡ್ರಿ ಟೀಚರ್. ಐತವಾರ ಸಭಾದಾಗ ಕೊಡೂಣು. ನಿಮ್ಮ ಹುಡುಗ್ರೂ ನೋಡಿ ಕಲೀತಾರ."

ನಾನು ಬೇಡ ಎನ್ನಬೇಕಿತ್ತು. ಈಗಲೇ ಕೊಡಿ, ಅಜ್ಜಿ ಮೊಮ್ಮಗಳಿಗೆ ಚಳಿಯಾಗುತ್ತಿದೆ ಎನ್ನಬೇಕಿತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ತಲೆಯಾಡಿಸಿ ಬಂದೆ. ಹುಡುಗಿಗೆ ಮುಂಚೆ ಒಂದು ಮಾತು ತಿಳಿಸಬೇಕೆಂದು ಸಹ ನನಗೆ ಅನಿಸಲಿಲ್ಲ. ಮತ್ತೆ ನಾಲ್ಕು ರಾತ್ರಿ ಅವರು ಆ ಕೌದಿಯಿಲ್ಲದೆ ಕಳೆದರು.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ಹಿರಿಯರು ಮೈಕು ಹಿಡಿದರು. ಒಂದು ಬಡ ಕುಟುಂಬಕ್ಕೆ ಚಳಿಗಾಲದಲ್ಲಿ ಹೊದಿಕೆ ಇಲ್ಲವೆಂದು ಕೇಳಿ ಮನಸ್ಸು ಕರಗಿತು ಎಂದರು. ಹುಡುಗಿಯನ್ನು ಮುಂದೆ ಕರೆದರು. ಅವಳು ಯಾಕೆಂದು ತಿಳಿಯದೆ ಎದ್ದು ಹೋದಳು. ತಾನೇ ತಂದು ಇಟ್ಟಿದ್ದ ಕೌದಿಯನ್ನು, ತನ್ನ ಅವ್ವನ ಸೀರೆಗಳನ್ನು, ಆ ಸಭೆಯಿಂದ ದಾನವಾಗಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಫೋನಿನಲ್ಲಿ ಫೋಟೊ ತೆಗೆಯುವವರು ಸ್ವಲ್ಪ ಈ ಕಡೆ ನೋಡು ಎಂದರು, ಈ ಕಡೆ ನೋಡಿದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುವ ಮಾತನ್ನು ಸವದತ್ತಿಯ ಸುತ್ತ ಹುಟ್ಟಿದ ನಾವೆಲ್ಲ, ಕ್ರೈಸ್ತರೂ ಸೇರಿ, ಆಡಿಕೊಂಡೇ ಬೆಳೆದವರು. ಅವತ್ತು ಅದು ಯಾರಿಗೂ ನೆನಪಾಗಲಿಲ್ಲ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆರಾಧನೆ ಮುಗಿದು ಹೊರಗೆ ಬರುವಷ್ಟರಲ್ಲಿ ಹುಡುಗಿ ಹೋಗಿಬಿಟ್ಟಿದ್ದಳು. ಸಂಜೆ ಅವರ ಕೋಣೆಗೆ ಹೋದೆ. ಬಾಗಿಲ ಬೆಳಕಿನಲ್ಲಿ ಅಜ್ಜಿ ಕೌದಿಯ ಹರಿದ ಮೂಲೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪಕ್ಕದಲ್ಲಿ ತಟ್ಟೆಯಲ್ಲಿ ರೊಟ್ಟಿ. ಬರ್ರಿ ಅಕ್ಕೋರ, ಕುಂಡ್ರಿ ಎಂದು ಅಜ್ಜಿ ಚಾಪೆ ಸರಿಸಿದಳು. ಅವಳ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ರೊಟ್ಟಿಯ ಒಂದು ತುಂಡು ಮುರಿದು ಮೂಲೆಯೊಳಗೆ ಬೆರಳಿನಿಂದ ತಳ್ಳಿದಳು, ಮಡಿಕೆ ಮುಚ್ಚಿ, ತಡವಿ ತಡವಿ ಹೊಲಿಯತೊಡಗಿದಳು.

ನಾನು ಕ್ಷಮೆ ಕೇಳಲೆಂದೇ ಹೋಗಿದ್ದೆ, ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಹಿರಿಯರಿಗೆ ತಿಳಿಯಲಿಲ್ಲ, ಅವರ ಮನಸ್ಸು ಒಳ್ಳೆಯದು ಎಂದು ಶುರುಮಾಡಿದೆ. ಹುಡುಗಿ ತಲೆ ಎತ್ತಿದಳು.

"ಅಕ್ಕೋರ, ಕೋಳಿಗೆ ಕೈ ಎತ್ತಿದ್ರಿ. ಕೌದಿಗೆ ಯಾಕ ಎತ್ತಲಿಲ್ರಿ?"

ಅವತ್ತು ಅವಳು ಹೊರಳಿ ನೋಡಿದ್ದು ಶಾಬಾಸಕಿಗಲ್ಲ. ನಾನಾದರೂ ಕೌದಿಯನ್ನು ಬಿಡಿಸಿಕೊಡುತ್ತೇನೇನೋ ಎಂದು ನೋಡಿದ್ದಳು. ದೊಡ್ಡವರಿಗೆ ಹಾಗೆ ಕೇಳಬಾರದೆಂದು ಅಜ್ಜಿಯೇ ಮೊಮ್ಮಗಳನ್ನು ಗದರಿದಳು. ತಟ್ಟೆಯಲ್ಲಿದ್ದ ರೊಟ್ಟಿಗಳಲ್ಲಿ ತುದಿ ಮುರಿದದ್ದನ್ನು ತನಗೆ ಇಟ್ಟುಕೊಂಡು, ಇಡಿಯಾಗಿದ್ದದ್ದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನಾನು ತೆಗೆದುಕೊಂಡು ಬಂದೆ.

ಮುಂದಿನ ಭಾನುವಾರ ಹತ್ತು ಮಕ್ಕಳು ಬಂದರು. ಅದರ ಮುಂದಿನ ವಾರವೂ ಹತ್ತೇ. ನಾನು ಹೇಳಿದ್ದೆನೆಂದು ಹಲಗೆಯ ಮೇಲಿನ ಬರಹವನ್ನು ಯಾರೂ ಅಳಿಸಿರಲಿಲ್ಲ. ಕೊಟ್ಟ ಮೇಲೆ ಜಾಗ ಖಾಲಿ ಕಾಣಬೇಕು. ಮೊದಲ ಬೆಂಚಿನಲ್ಲಿ, ಕಿಟಕಿಯ ಕಡೆ, ಕಾಣುತ್ತಿತ್ತು.