ಹುರುಳಿಯ ಮೇಲೆ ಹಾದುಹೋದ ಬಿಳಿ ಕಾರು

ಶಕುನ, ಮುನ್ಸೂಚನೆ ಎಂದವರನ್ನೆಲ್ಲ ಆಡಿಕೊಂಡು ನಕ್ಕವಳು ನಾನು. ಶ್ರೀರಂಗಪಟ್ಟಣದ ಗಂಜಾಂನ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಸಾಕು, ಅತ್ತೆ ನೆಲ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. "ಅದಕ್ಕೆ ಸೊಳ್ಳೆ ಸಿಕ್ಕಿರಬೇಕು ಬಿಡಿ ಅತ್ತೆ" ಎಂದು ರೇಗಿಸುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಅಷ್ಟು ಜಂಬ ಇರದಿದ್ದರೆ ಹೇಗೆ! ಈಗ ನೀವು ನನ್ನ ಮಾತು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಹಾದು ನಾಗಮಂಗಲದ ಕಡೆಗೆ ಕಾರ್ ರೇಸು ಅಂತ ಸುದ್ದಿಯಾಯಿತು. ಯಾವುದೋ ಬಯಲಿನಲ್ಲಲ್ಲ, ದನಕರು, ಜನ ಓಡಾಡುವ ರಸ್ತೆಯಲ್ಲೇ. ಪಾಂಡವಪುರದಲ್ಲಿ ಕಬ್ಬಿನ ಗಾಡಿಯವರು ಜಗಳಕ್ಕೆ ನಿಂತರು. ನಾವು ಮೇಷ್ಟ್ರುಗಳೂ ಸೇರಿ ಅರ್ಜಿ ಕೊಟ್ಟೆವು. ಯಾರ ಮಾತು ಯಾರು ಕೇಳುತ್ತಾರೆ? ಅನುಮತಿ ಸಿಕ್ಕಿಯೇಬಿಟ್ಟಿತು. ಜೀಪಿಗೆ ಮೈಕು ಕಟ್ಟಿಕೊಂಡು ಬಂದವರು ದನ ಬಿಡಬೇಡಿ, ಮಕ್ಕಳನ್ನು ಬಿಡಬೇಡಿ ಎಂದು ಸಾರಿ ಹೋದರು. ಹುರುಳಿಯ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಕಡೆ ಗೊತ್ತಲ್ಲ, ಟಾರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಯುದ್ದಕ್ಕೂ ಹರಡಿದರೆ ಬಸ್ಸು ಲಾರಿಗಳು ತುಳಿದು ಒಕ್ಕಣೆ ಮಾಡಿಕೊಡುತ್ತವೆ. ನನ್ನ ತವರು ಕೆ.ಆರ್. ಪೇಟೆ–ನಾಗಮಂಗಲ ರಸ್ತೆಯ ಪಕ್ಕದ ಹಳ್ಳಿ. ರಜೆಗೆಂದು ಹೋದವಳು ನೋಡುತ್ತೇನೆ, ರೇಸಿನ ಹಿಂದಿನ ದಿನವೇ ನನ್ನ ತಮ್ಮ ಕೆಂಪರಾಜು ತಿರುವಿನಿಂದ ಹಿಡಿದು ಮನೆಯ ಮುಂದಿನವರೆಗೂ ಹುರುಳಿ ಹರಡುತ್ತಿದ್ದಾನೆ! ಅಕ್ಕಪಕ್ಕದವರದೂ ಅದೇ ಕೆಲಸ. ನಾನು ಬೈದರೆ ನಕ್ಕ.

"ಅಷ್ಟೊಂದ್ ಕಾರು ಪುಗ್ಸಟ್ಟೆ ತುಳ್ಕೊಂಡ್ ಓಯ್ತವೆ ಅಂದ್ರೆ ಯಾಕಕ್ಕ ಬುಡಾದು?"

ಸಂಜೆ, ಇನ್ನೂ ಬಿಸಿಲಿತ್ತು. ನಾನು ಮನೆಯ ಮುಂದೆ ರಸ್ತೆಬದಿಯಲ್ಲಿ ನಿಂತಿದ್ದೆ. ಅವನು ನಡುರಸ್ತೆಯಲ್ಲಿ ಬೆನ್ನು ತಿರುಗಿಸಿಕೊಂಡು ಗಿಡ ಕೆದರುತ್ತಿದ್ದ. ಕೆ.ಆರ್. ಪೇಟೆ ಕಡೆಯ ತಿರುವಿನಿಂದ ಒಂದು ಬಿಳಿ ಕಾರು ಬಂತು. ಎಡಗಡೆಯ ದೀಪ ಒಡೆದು ಗುಳಿಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತಲೆ ಬಗ್ಗಿಸಿದ್ದಳು, ಬಿಚ್ಚಿದ ಕೂದಲು ಮುಖ ಮುಚ್ಚಿತ್ತು. ಕಾರು ನೇರವಾಗಿ ಅವನ ಮೇಲೇ ಬರುತ್ತಿತ್ತು. "ಲೋ ಕೆಂಪಾ, ಪಕ್ಕಕ್ಕೆ ಬಾರೋ!" ಎಂದು ಕಿರುಚಿದೆ.

ಅವನು ತಿರುಗಿ ನೋಡಿ, "ಯಾವ್ ಕಾರಕ್ಕ?" ಅಂದ.

ಕಾರು ಇರಲಿಲ್ಲ. ಸದ್ದೂ ಇರಲಿಲ್ಲ. ಅದು ಹಾದುಬಂದ ಜಾಗದಲ್ಲಿ ಹುರುಳಿಯ ಒಂದು ಕಡ್ಡಿ ಕೂಡ ಮುರಿದಿರಲಿಲ್ಲ. "ಓದಿರೋರ್ಗೂ ಇಂಗಾಯ್ತದಾ?" ಎಂದು ಅವನು ಹಾಸ್ಯ ಮಾಡಿದ. ನನಗೆ ರಾತ್ರಿ ಊಟ ಸೇರಲಿಲ್ಲ. ಹುರುಳಿ ಹಾಳಾಗಿ ಹೋಗಲಿ, ಎತ್ತಿಬಿಡು, ನೀನು ನಾಳೆ ರಸ್ತೆಗೆ ಕಾಲಿಡಬೇಡ ಎಂದು ಅಳುತ್ತಾ ಆಣೆ ಹಾಕಿದೆ. ಕೊನೆಗೆ ಅವನು ಸೋತ.

"ಆಯ್ತು ಬುಡಕ್ಕ, ಬೆಳಿಗ್ಗೆ ಎತ್ತಾಕ್ತೀನಿ. ನಿನ್ ಜೀವ ತಣ್ಣಗಿರ್ಲಿ."

ಬೆಳಿಗ್ಗೆ ಎತ್ತತೊಡಗಿದ. ಮನೆಯ ಮುಂದಿನದೆಲ್ಲ ಮುಗಿದು ತಿರುವಿನ ಬಳಿ ಒಂದಿಷ್ಟು ಉಳಿದಿತ್ತು. ಸಾಕು ಬಾರೋ ಎಂದೆ. "ಇನ್ನೊಂದ್ ತೆಕ್ಕೆ ಕಣಕ್ಕ, ಅಷ್ಟೇಯ" ಅಂದು ಬಗ್ಗಿದ. ತಿರುವಿನಿಂದ ರೇಸಿನ ಕೆಂಪು ಕಾರೊಂದು ನುಗ್ಗಿ ಬಂತು. ಹೊಡೆಯಿತು. ನಿಲ್ಲಲಿಲ್ಲ. ಅದರ ಹಿಂದೆ ಇನ್ನೊಂದು ಬಂತು, ಅದೂ ನಿಲ್ಲಲಿಲ್ಲ. ತೆಕ್ಕೆಯ ಹುರುಳಿ ಅವನ ಮೈಮೇಲೆಲ್ಲ ಚೆಲ್ಲಿತ್ತು.

ರೇಸಿನವರ ಹಿಂದೆ ರಿಪೇರಿ ಸಾಮಾನು ಹೊತ್ತು ಬರುತ್ತಿದ್ದ ಕಾರೊಂದು ನಿಂತಿತು. ಅದರಲ್ಲಿದ್ದ ಪುಣ್ಯಾತ್ಮರು ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಮ್ಮ ಮನೆಯ ಮುಂದೆ ಹೋಗುವಾಗಲೂ ಅವನ ಉಸಿರು ಇತ್ತು. ಅದನ್ನೇ ನೋಡುತ್ತಿದ್ದೆ, ಕಣ್ಣು ಕದಲಿಸಿದರೆ ನಿಂತುಹೋಗುತ್ತದೇನೋ ಎಂಬಂತೆ. ನಾಗಮಂಗಲದ ಆಸ್ಪತ್ರೆ ಮುಟ್ಟುವ ಮೊದಲೇ ಅದು ನಿಂತಿತು.

ಆಸ್ಪತ್ರೆಯ ಜಗುಲಿಯಲ್ಲಿ ಕೂತಾಗಲೇ ಆ ಕಾರನ್ನು ಸರಿಯಾಗಿ ನೋಡಿದ್ದು. ಬಿಳಿಯದು. ಎಡಗಡೆಯ ದೀಪ ಒಡೆದಿತ್ತು. ಕೈ ತಾನಾಗಿ ತಲೆಗೆ ಹೋಯಿತು. ತಿರುವಿನತ್ತ ಓಡುವಾಗ ತುರುಬು ಬಿಚ್ಚಿಹೋಗಿ ಕೂದಲೆಲ್ಲ ಮುಖದ ಮೇಲೆ ಬಿದ್ದಿತ್ತು.

ಊರಿನಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಹುರುಳಿ ಎತ್ತದೆ ದಿಬ್ಬದ ಮೇಲೆ ಕೂತು ರೇಸು ನೋಡಿದವರೆಲ್ಲ ಸಂಜೆ ಕಾಳು ತುಂಬಿಕೊಂಡು ಮನೆಗೆ ಹೋದರು. ಚೆನ್ನಾಗಿಯೇ ಒಕ್ಕಣೆಯಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೆಂಪನೂ ಆ ದಿಬ್ಬದ ಮೇಲೆ ಕೂತಿರುತ್ತಿದ್ದ. ಹಾಗಾದರೆ ನನಗೆ ಕಂಡದ್ದು ಅವನನ್ನು ಉಳಿಸಲೋ, ಕೊಲ್ಲಲೋ? ವಿಜ್ಞಾನ ಓದಿದ ತಲೆಗೂ ತಿಳಿಯಲಿಲ್ಲ, ನೆಲ ಮುಟ್ಟುವ ಅತ್ತೆಯೂ ಹೇಳಲಾರದೆ ಹೋದರು.

ಒಂದೇ ಒಂದು ಈಗಲೂ ಕೊರೆಯುತ್ತದೆ. ಮನೆಯ ಮುಂದೆ ಹೋಗುವಾಗ ನಾನು ಒಂದು ಸಲ ತಲೆಯೆತ್ತಿ ಕಿಟಕಿಯಾಚೆ ನೋಡಿದ್ದರೆ, ಹಿಂದಿನ ಸಂಜೆ ಅಲ್ಲಿ ನಿಂತಿದ್ದ ನನಗೆ ನನ್ನ ಮುಖದ ಗುರುತು ಸಿಗುತ್ತಿತ್ತೇ? ನಾನು ತಲೆಯೆತ್ತಲಿಲ್ಲ.