ತೆರೆದ ಕಿಟಕಿಯ ಕೊನೆಯ ಸ್ವರ

ನಮ್ಮ ಬಾನುಲಿ ನಿಲಯದ ಸಂಗೀತ ವಿಭಾಗವನ್ನು ಮೂರು ದಶಕಕ್ಕೂ ಮಿಕ್ಕಿ ಕಿವಿಯಿಂದ ಕಾಯ್ದು, ಬಾಯಿಂದ ಆಳಿ, ಈಗ ನಿವೃತ್ತರಾಗುತ್ತಿರುವ ಹಿರಿಯ ನಿರ್ಮಾಪಕಿಯವರನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಿದಾಗ, ಆ ಕೆಲಸಕ್ಕೆ ಈ ಲೇಖಕನಷ್ಟು ಯೋಗ್ಯರು ಭೂಮಂಡಲದಲ್ಲಿ ಇನ್ನೊಬ್ಬರಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಈ ಲೇಖಕನಿಗಂತೂ ಹುಟ್ಟುವಾಗಲೇ ಗೊತ್ತಿತ್ತು. ಉದ್ಘೋಷಕನಾಗಿ ಸ್ಟುಡಿಯೋದಲ್ಲಿ ಅವರ ಗಾಜಿನ ಈಚೆ ಕೂತು ‘ನಮಸ್ಕಾರ’ ಎಂದರೆ ಸಾಕು, ಊರಿನ ಗಡಿಯಾರಗಳೆಲ್ಲ ನಾಚಿ ತಮ್ಮ ಮುಳ್ಳು ಸರಿಮಾಡಿಕೊಳ್ಳುತ್ತಿದ್ದ ಧ್ವನಿ ಈತನದು. ಅಂಥ ಧ್ವನಿಯನ್ನೂ ಅಡಗಿಸಬಲ್ಲ ಧ್ವನಿ ಗಾಜಿನ ಆಚೆ ಇತ್ತು. ಅದಕ್ಕೇ ನಾವೆಲ್ಲ ಅವರನ್ನು ಗುಡುಗಕ್ಕ ಎಂದು ಕರೆದೆವು. ಅವರು ಆ ಹೆಸರಿಗೆ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗದೆ ಬಿಟ್ಟ ಏಕೈಕ ಸಂಗತಿ ಅದು.

‘ಬರೆಹದಲ್ಲಿ ಸಿಟ್ಟು ಬೇಡ, ಸಮಾರಂಭಕ್ಕೆ ತಕ್ಕಂತಿರಲಿ’ ಎಂದೂ ಸಂಪಾದಕರು ಬೇಡಿಕೊಂಡರು. ಒಪ್ಪಿಕೊಂಡಾಗಿತ್ತು. ಆದರೆ ಇದೇ ಗ್ರಂಥದ ಮೊದಲ ಪುಟದಲ್ಲಿ ನಿಲಯದ ಮಾಜಿ ನಿರ್ದೇಶಕರ, ಅಂದರೆ ನಮ್ಮ ಸಾಹೇಬರ, ಶುಭಸಂದೇಶವಿದೆ. ಅದರಲ್ಲಿ ‘ತೆರೆದ ಕಿಟಕಿ ಎಂಬ ಸುಂದರ ಹೆಸರನ್ನು ಬಾನುಲಿಗೆ ಕೊಟ್ಟ ಭಾಗ್ಯ ನನ್ನದು’ ಎಂದು ಅಚ್ಚಾಗಿದೆ. ಅದನ್ನು ಓದಿಯೂ ತಣ್ಣಗೆ ಬರೆಯಲು ಈ ಲೇಖಕನೇನು ಗೋಡೆಯೇ?

ಗುಡುಗಕ್ಕ ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕಿದ್ದು ಮೂಲೆಯ ಸಣ್ಣ ಸ್ಟುಡಿಯೋ. ಗೋಡೆಗೆ ತೂತು ತೂತಿನ ಹಲಗೆ, ನೆಲಕ್ಕೆ ಸವೆದ ಜಮಖಾನ, ಕೂತರೆ ಕಿರುಗುಟ್ಟುವ ಕುರ್ಚಿ. ಆ ಕುರ್ಚಿಯನ್ನು ಮೊದಲ ದಿನವೇ ಎತ್ತಿ ಹೊರಗೆ ಒಗೆದರೆಂದೂ, ಅದು ಸಾಹೇಬರ ಕಾರಿನ ಮೇಲೆ ಬಿತ್ತೆಂದೂ ಹೇಳುತ್ತಾರೆ. ನಮ್ಮ ಕಟ್ಟಡಕ್ಕೆ ಕಿಟಕಿಯೇ ಇಲ್ಲವಾದ್ದರಿಂದ ಇದು ಸಾಧ್ಯವಿಲ್ಲವೆನ್ನುವವರಿದ್ದಾರೆ. ಅವರಿಗೆ ಗುಡುಗಕ್ಕ ಗೊತ್ತಿಲ್ಲ. ಕಲಾವಿದರ ವಿಷಯಕ್ಕೆ ಬಂದರೆ ಇದೇ ಕೈ ಹತ್ತಿಯಾಗುತ್ತಿತ್ತು. ಮೊದಲ ಸಲ ನುಡಿಸಲು ಬಂದವರ ಬೆರಳು ಬೆವರಿದರೆ ತಮ್ಮ ಟವೆಲು ಕೊಡುತ್ತಿದ್ದರು. ಧ್ವನಿಮುದ್ರಣದ ಕೆಂಪು ದೀಪ ಕಂಡು ನಡುಗುವವರಿಗಾಗಿ ಅವರದೇ ಒಂದು ಉಪಾಯವಿತ್ತು. ದೀಪ ಆರಿಸಿ, ‘ಟೇಪು ಓಡ್ತಿಲ್ಲ, ಸುಮ್ನೆ ಒಂದ್ಸಲ ಬೆರಳು ಬಿಸಿ ಮಾಡ್ಕೊಳ್ಳಿ’ ಎನ್ನುತ್ತಿದ್ದರು. ಟೇಪು ಓಡುತ್ತಿತ್ತು. ನಮ್ಮ ನಿಲಯದಲ್ಲಿ ಕೇಳಲು ಯೋಗ್ಯವಾದ ಸಂಗೀತ ಏನಿದೆಯೋ ಅದರಲ್ಲಿ ಮುಕ್ಕಾಲು ಪಾಲು ಈ ಸುಳ್ಳಿನ ಫಲ.

ನಿಲಯದ ವಾದ್ಯವೃಂದದಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಪಿಟೀಲು ಮೇಷ್ಟ್ರನ್ನೂ ಹೀಗೆಯೇ ಹಿಡಿದರು. ಮೇಷ್ಟ್ರ ಪುಟ್ಟ ಮಗಳಿಗೆ ಬಿಡದ ಜ್ವರ ಬಂದಿತ್ತು. ಜ್ವರ ಇಳಿದ ಬೆಳಿಗ್ಗೆ ಅವರು ಕೋಣೆಯ ಕಿಟಕಿ ತೆರೆದರಂತೆ. ಗಾಳಿಗೆ ಮಗು ಕಣ್ಣುಬಿಟ್ಟು ‘ಹಸಿವು’ ಅಂದಿತಂತೆ. ಆ ಸಂತೋಷಕ್ಕೆ ಒಂದು ಕೃತಿ ಕಟ್ಟಿ ‘ತೆರೆದ ಕಿಟಕಿ’ ಎಂದು ಹೆಸರಿಟ್ಟಿದ್ದರು. ಅದನ್ನು ನುಡಿಸಿ ಮುಗಿಸಿ, ‘ಈಗ ಟೇಪು ಹಾಕಮ್ಮ’ ಎಂದಾಗ ಗುಡುಗಕ್ಕ, ‘ಆಯ್ತು ಮೇಷ್ಟ್ರೇ, ಎದ್ದೇಳಿ’ ಎಂದರು. ಬಾಗಿಲಲ್ಲಿ ಮುಂದಿನ ತಂಡ ತಬಲಾ ಹಿಡಿದು ನಿಂತಿತ್ತು.

ಮುಂದೆ ನಡೆದದ್ದು ಕಳ್ಳತನ. ಬೇರೆ ಮೆತ್ತಗಿನ ಮಾತು ಈ ಲೇಖಕನಿಗೆ ಗೊತ್ತಿದ್ದರೂ ಬಳಸುವುದಿಲ್ಲ.

ಮೇಲೆ ಹೇಳಿದ ಸಾಹೇಬರು ಆಗ ಕಾರ್ಯಕ್ರಮಾಧಿಕಾರಿ. ಹವಾಮಾನ, ಆರೋಗ್ಯ, ಕಳೆದುಹೋದ ವಸ್ತುಗಳ ಪ್ರಕಟಣೆ ಎಲ್ಲ ಸೇರಿಸಿದ ಹೊಸದೊಂದು ಬೆಳಗಿನ ಕಾರ್ಯಕ್ರಮಕ್ಕೆ ಅವರು ಹೆಸರು ಹುಡುಕುತ್ತಿದ್ದರು. ಮೇಷ್ಟ್ರ ಟೇಪಿನ ಡಬ್ಬಿ ಮೇಜಿನ ಮೇಲಿತ್ತು. ಹೆಸರು ಸಿಕ್ಕಿಬಿಟ್ಟಿತು. ಒಂದೇ ಹೆಸರಿನ ಎರಡು ಬಾಬತ್ತುಗಳಿದ್ದರೆ ಗೊಂದಲವೆಂದು ಡಬ್ಬಿಯ ಮೇಲಿನ ಹೆಸರಿಗೆ ಗೀಟು ಹಾಕಿ ‘ಫಿಲ್ಲರ್’ ಎಂದು ಬರೆದರು. ಒಂದು ಕಾರ್ಯಕ್ರಮ ಬೇಗ ಮುಗಿದು ಇನ್ನೊಂದು ಶುರುವಾಗುವ ತನಕ ಖಾಲಿ ಜಾಗ ತುಂಬುವ ಸಂಗೀತಕ್ಕೆ ನಮ್ಮಲ್ಲಿ ಆ ಹೆಸರು. ಅದಕ್ಕೆ ಉದ್ಘೋಷಣೆ ಇಲ್ಲ, ರಚಿಸಿದವರ ಪ್ರಸ್ತಾಪವಿಲ್ಲ. ವಾರ್ತೆಯ ಸಮಯ ಬಂದರೆ ಎಲ್ಲಿದ್ದರೆ ಅಲ್ಲಿಗೆ ಕತ್ತು ಹಿಸುಕುವುದು.

‘ಖಾಲಿ ಜಾಗಕ್ಕೆ ತುರುಕೋಕೆ ಅದೇನು ಹಳೇ ಬಟ್ಟೆನಾ ಸಾರ್?’ ಎಂದು ಗುಡುಗಕ್ಕ ಅವರ ಕೋಣೆಗೆ ನುಗ್ಗಿದರು.

‘ಮೇಡಂ, ದಿನಾ ಬರುತ್ತಲ್ಲ ರೇಡಿಯೋದಲ್ಲಿ. ಇನ್ನೇನು ಬೇಕು ಆ ಮನುಷ್ಯನಿಗೆ?’

‘ಹೆಸರು ಬೇಕು. ಅವರೇ ಇಟ್ಟಿದ್ದು.’

‘ಬೇರೆ ಇಟ್ಕೊಳ್ಳೋಕೆ ಹೇಳಿ. ಹೆಸರಿಗೇನು ಬರಗಾಲಾನಾ?’

ಅಂದು ಅವರು ಕೂಗಿದ ಕೂಗಿಗೆ ಪ್ರಸಾರ ಗೋಪುರ ಪೂರ್ವಕ್ಕೆ ವಾಲಿದ್ದು ಇವತ್ತಿಗೂ ನೇರವಾಗಿಲ್ಲ. ಆದರೆ ಆದೇಶ ಮಾತ್ರ ಅಲುಗಲಿಲ್ಲ. ಕಾರ್ಯಕ್ರಮ ಮನೆಮಾತಾಯಿತು. ಮೇಷ್ಟ್ರು ಎಲ್ಲಾದರೂ ಮೆಲ್ಲಗೆ, ‘ತೆರೆದ ಕಿಟಕಿ ನಂದು’ ಎಂದರೆ ಜನ ಕೈಮುಗಿದು, ‘ಓಹೋ, ಹವಾಮಾನ ಓದೋರು ನೀವೇನಾ? ನಿನ್ನೆ ಬಿಸಿಲು ಅಂದ್ರಿ, ನಮ್ಮ ಬಟ್ಟೆಯೆಲ್ಲ ನೆಂದುಹೋಯ್ತು’ ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮೇಷ್ಟ್ರು ಕ್ಷಮೆ ಕೇಳಿ ಬರುತ್ತಿದ್ದರು. ಆ ಕ್ಷಮೆಯ ಸುದ್ದಿ ಕೇಳಿದಾಗಲೆಲ್ಲ ಗುಡುಗಕ್ಕನಿಗೆ ಕಿವಿ ಬಿಸಿಯಾಗುತ್ತಿತ್ತು. ಊರಿಗೆಲ್ಲ ಆ ಕೃತಿಯ ಆರಂಭ ಬಾಯಿಪಾಠ, ಹಾಲಿನವನೂ ಗುನುಗುತ್ತಿದ್ದ. ಕೊನೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಬದುಕಿರುವಾಗ ಒಮ್ಮೆಯಾದರೂ ಅದನ್ನು ಅದರ ಹೆಸರು ಹೇಳಿ ಪೂರ್ತಿ ಕೇಳಿಸಬೇಕೆಂಬುದು ಗುಡುಗಕ್ಕನ ಹಟವಾಯಿತು. ವರ್ಷ ವರ್ಷವೂ ಕೇಳಿದರು. ವರ್ಷ ವರ್ಷವೂ ‘ನೋಡೋಣ’ ಎಂಬ ಉತ್ತರ ಬಂತು.

ಕಾರ್ಯಕ್ರಮದ ಬೆಳ್ಳಿಹಬ್ಬ ಬಂತು. ಸಾಹೇಬರು ಆಗ ನಿಲಯದ ನಿರ್ದೇಶಕರು. ಅಂದಿನ ನೇರ ಪ್ರಸಾರದಲ್ಲಿ ‘ಈ ಹೆಸರು ನನಗೆ ಹೊಳೆದ ಬಗೆ’ ಎಂಬ ಭಾಷಣ ತಾವೇ ಮಾಡುವುದೆಂದು ತೀರ್ಮಾನಿಸಿದರು. ಮೇಷ್ಟ್ರು ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ತಲೆದಿಂಬಿನ ಪಕ್ಕ ರೇಡಿಯೋ. ಪ್ರಸಾರದ ಹೊಣೆ ಗುಡುಗಕ್ಕನ ಮೇಲೆ ಬಿದ್ದಿತ್ತು. ಸಾಹೇಬರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದೂ ಗೊತ್ತಿಲ್ಲದೆ ಮಾಡಿದ್ದು.

ಉದ್ಘೋಷಕನ ಮುಂದೆ ಗುಡುಗಕ್ಕ ಒಂದು ಹಾಳೆ ಇಟ್ಟು ಹೋದರು. ಪಕ್ಕದಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಈ ಲೇಖಕ ತನ್ನ ಜೀವಮಾನದ ಅತ್ಯುತ್ತಮ ಧ್ವನಿಯಲ್ಲಿ, ಅಂದರೆ ಮನುಷ್ಯಕುಲದ ಅತ್ಯುತ್ತಮ ಧ್ವನಿಯಲ್ಲಿ, ಓದಿದ: ‘ಈಗ ತೆರೆದ ಕಿಟಕಿ. ಈ ಕಾರ್ಯಕ್ರಮ ಹುಟ್ಟುವ ಮೊದಲೇ ಹುಟ್ಟಿ, ಇದಕ್ಕೆ ಹೆಸರು ಕೊಟ್ಟ ಸಂಗೀತಕೃತಿ. ರಚಿಸಿ ನುಡಿಸಿದವರು ನಮ್ಮ ನಿಲಯದ ಪಿಟೀಲು ಮೇಷ್ಟ್ರು. ಪೂರ್ತಿಯಾಗಿ ಕೇಳಿ.’

ಟೇಪು ತಿರುಗಿತು, ನಮ್ಮ ಮೈಕು ಮುಚ್ಚಿತು. ಸಾಹೇಬರು ಕೆಂಪಾಗಿ, ನೇರಳೆಯಾಗಿ, ಹೆಸರಿಲ್ಲದ ಇನ್ನೊಂದು ಬಣ್ಣಕ್ಕೆ ತಿರುಗಿ ಗಾಜು ಬಡಿದರು. ಬಾಗಿಲಿಗೆ ಓಡಿದರೆ ಆಚೆ ಕೋಣೆಗೆ ಒಳಚಿಲಕ. ಮರಳಿ ಬಂದು, ಗಾಜಿನ ಆಚೆಗೆ ಕೇಳಿಸುವ ಒಳಮಾತಿನ ಗುಂಡಿ ಒತ್ತಿದರು.

‘ನಿಲ್ಸಿ ಅದನ್ನ! ನನ್ನ ಭಾಷಣ ಇದೆ!’

‘ಫಿಲ್ಲರ್ ಸಾರ್’ ಎಂದರು ಗುಡುಗಕ್ಕ, ಟೇಪಿನಿಂದ ಕಣ್ಣು ತೆಗೆಯದೆ. ‘ಖಾಲಿ ಜಾಗ ಇತ್ತು, ತುಂಬ್ತಾ ಇದೀನಿ. ಕೂತ್ಕೊಳ್ಳಿ.’

ಅಷ್ಟು ವರ್ಷ ಊರಿನ ಹೊಸಿಲಲ್ಲೇ ನಿಂತಿದ್ದ ಸಂಗೀತ ಅಂದು ಮನೆಯೊಳಗೆಲ್ಲ ಓಡಾಡಿತು. ಅದು ಮುಗಿದು ಮೈಕು ತೆರೆದಾಗ ಸಾಹೇಬರು ‘ಆತ್ಮೀಯ ಕೇಳುಗರೇ’ ಎಂದರು. ಅಷ್ಟರಲ್ಲಿ ವಾರ್ತೆಯ ಸಮಯವಾಗಿ ಅವರನ್ನೂ ಅಲ್ಲಿಗೇ ಕತ್ತರಿಸಬೇಕಾಯಿತು. ನಿಯಮವೆಂದರೆ ನಿಯಮ.

ಫೋನು ಹೊಡೆದುಕೊಂಡಿತು. ಮೇಷ್ಟ್ರ ಮಗಳು. ಗುಡುಗಕ್ಕ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

‘ಅಕ್ಕಾ, ಅಪ್ಪ ಭಾರಿ ಸಿಟ್ಟಾಗಿದಾರೆ. ತಗೊಳ್ಳಿ, ಅವರೇ ಮಾತಾಡ್ತಾರಂತೆ.’

‘ಏನಮ್ಮಾ, ಅವತ್ತು ಟೇಪು ಓಡ್ತಿಲ್ಲ ಅಂದಿದ್ದೆಯಲ್ಲ ನೀನು?’ ಮೇಷ್ಟ್ರ ಧ್ವನಿ ಬಡಕಲಾಗಿತ್ತು, ಕೋಪ ಮಾತ್ರ ದಷ್ಟಪುಷ್ಟ. ‘ಕೊನೇ ಸ್ವರ ಜಾರಿದೆ. ಇಷ್ಟು ವರ್ಷ ಒಬ್ಬರಾದ್ರೂ ಹೇಳಬಾರದಾ?’

‘ಯಾರೂ ಅಲ್ಲೀತನಕ ಕೇಳಿರಲಿಲ್ಲ ಮೇಷ್ಟ್ರೇ.’

‘ಹಾಗಾದ್ರೆ ಇನ್ನೊಂದ್ಸಲ ನುಡಿಸ್ತೀನಿ. ಸ್ಟುಡಿಯೋ ಕೊಡ್ಸು.’

ಗುಡುಗಕ್ಕ ಸ್ಟುಡಿಯೋ ಕೇಳಿದರು. ‘ಈ ಹೆಸರಿನ ಕಾರ್ಯಕ್ರಮವೊಂದಿದೆ, ಧ್ವನಿಮುದ್ರಣವೂ ಒಂದಿದೆ, ಮೂರನೆಯದು ಅನಗತ್ಯ’ ಎಂದು ಸಾಹೇಬರು ಬರೆದರು. ಅದರ ಜೊತೆಗೇ, ಕೆಟ್ಟ ಯಂತ್ರಗಳನ್ನು ಪೇರಿಸಿಟ್ಟ ಉಗ್ರಾಣಕ್ಕೆ ಅವರನ್ನು ವರ್ಗ ಮಾಡಿದ ಆದೇಶವೂ ಬಂತು. ಈ ಎರಡು ಸಾಲು ಬರೆದ ಕೈಯೇ ಶುಭಸಂದೇಶವನ್ನೂ ಬರೆದಿದೆ. ಓದುಗರು ಮೊದಲ ಪುಟಕ್ಕೆ ಮರಳಿ ಹೋಗಿ ಹೋಲಿಸಿಕೊಳ್ಳಬಹುದು, ಅಕ್ಷರ ಅಚ್ಚಿನದಾದರೂ ಅಹಂಕಾರ ಒಂದೇ ಓರೆಯಲ್ಲಿದೆ.

ಉಗ್ರಾಣದಲ್ಲಿ ಗುಡುಗಕ್ಕ ಸತ್ತ ಯಂತ್ರವೊಂದನ್ನು ಬೈದು ಬೈದು ಬದುಕಿಸಿದರು. ಭಾನುವಾರ ಅದನ್ನು ಹೊತ್ತು ಮೇಷ್ಟ್ರ ಹಾಸಿಗೆಯ ಬಳಿಗೆ ಹೋದರು. ಮಗಳು ಪಿಟೀಲು ತಂದು ತೊಡೆಯ ಮೇಲಿಟ್ಟಳು. ಕಮಾನು ಹಿಡಿದ ಕೈ ಮೇಲೇಳಲಿಲ್ಲ. ಮೇಷ್ಟ್ರು ತಮ್ಮ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ, ‘ಕಿಟಕಿ ತೆಗಿ ಮಗಾ’ ಎಂದರು. ಗಾಳಿ ಬಂತು.

‘ಟೇಪು ಓಡ್ತಿದೆಯಾ?’

‘ಇಲ್ಲ ಮೇಷ್ಟ್ರೇ.’

‘ಹೀಗಿರಬೇಕಿತ್ತು’ ಎಂದು ಆ ಕೊನೆಯ ಸ್ವರವನ್ನು ಬಾಯಲ್ಲಿ ಹಾಡಿ ತೋರಿಸಿದರು. ಸರಿಯಾಗಿತ್ತು.

ಟೇಪು ಓಡುತ್ತಿತ್ತು.

ಮೇಷ್ಟ್ರು ಆ ಋತು ದಾಟಲಿಲ್ಲ. ಗುಡುಗಕ್ಕ ಉಗ್ರಾಣದಿಂದ ಹೊರಬರಲು ಸಾಹೇಬರು ನಿವೃತ್ತರಾಗಬೇಕಾಯಿತು. ಹೊರಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಆ ಡಬ್ಬಿಯ ಮೇಲಿನ ‘ಫಿಲ್ಲರ್’ ಎಂಬುದನ್ನು ಉಗುರಿನಿಂದ ಕೆರೆದದ್ದು. ಇನ್ನೂ ಎಷ್ಟೋ ಡಬ್ಬಿಗಳು ಹೆಸರು ಕಳೆದುಕೊಂಡು ಕೂತಿವೆ. ನಿವೃತ್ತಿಯ ನಂತರ ಅವುಗಳ ಯಜಮಾನರನ್ನು ಮನೆ ಮನೆಗೆ ಹೋಗಿ ಹುಡುಕುತ್ತಾರಂತೆ. ಅದಕ್ಕೆ ಬೇಕಾದಷ್ಟು ಆಯುಷ್ಯವೂ ಬಲವಾದ ಮೊಣಕಾಲೂ ಅವರಿಗಿರಲಿ. ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗದಿರಲಿ.

ಸಮಾರಂಭದ ದಿನ ಭಾಷಣಗಳಿಗೆ ಮೊದಲು ‘ತೆರೆದ ಕಿಟಕಿ’ಯನ್ನು ಹಾಕುತ್ತೇವೆ. ಉದ್ಘೋಷಣೆ ಈ ಲೇಖಕನದೇ. ಶುಭಸಂದೇಶ ಕಳಿಸಿದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇದೆ, ಕಿರುಗುಟ್ಟುವಂಥದ್ದು. ಜಾರಿದ ಸ್ವರ ಬಂದೊಡನೆ ಚಪ್ಪಾಳೆ ತಟ್ಟಿ ಯಾರೂ ಎದ್ದೇಳಬಾರದು. ಅದರ ನಂತರ ಗುಡುಗಕ್ಕ ಅಂಟಿಸಿದ ಆ ಭಾನುವಾರದ ಟೇಪಿದೆ: ಸ್ವಲ್ಪ ಮೌನವಿದೆ, ಕಿಟಕಿ ತೆಗೆದ ಸದ್ದಿದೆ, ಮೇಷ್ಟ್ರು ಹಾಡಿದ ಒಂದು ಸ್ವರವಿದೆ. ಅಲ್ಲಿಯ ತನಕ ಕೂತಿರಬೇಕು.