ಅಡ್ಡೆ ಕೊಡುವ ಕದಿರಪ್ಪ
ಮುಳಬಾಗಿಲು ಸೀಮೆಯಲ್ಲಿ ತೇರಿನ ಗಾಲಿಗೆ ಮರದ ಅಡ್ಡೆ ಕೊಟ್ಟು ನಿಲ್ಲಿಸುವ ಕದಿರಪ್ಪನಿಗೆ ಮಂತ್ರಿ ಬಂದರೂ ಒಂದೇ, ಮಳೆ ಬಂದರೂ ಒಂದೇ. ಬಾಣಂತಿಯಿರುವ ಮನೆ, ಹಾಸಿಗೆ ಹಿಡಿದ ಮುದುಕಿಯ ಮನೆ, ಎಲ್ಲದರ ಮುಂದೆಯೂ ಅವನ ಅಡ್ಡೆ ಬೀಳುತ್ತದೆ. ದಲಿತರ ಕೇರಿಯ ತಿರುವಿನಲ್ಲಂತೂ ಗಾಲಿಯ ಪಕ್ಕ ಕುಂಡಿಯೂರಿ ಕೂತೇಬಿಡುತ್ತಾನೆ. "ಓಣಿ ಇಕ್ಕಟ್ಟು ಕಣೋ, ತೆಗಿ ಅಡ್ಡೇನ" ಎಂದು ಧರ್ಮದರ್ಶಿ ಗದರಿದರೆ, "ನೀವು ಗುಡಿಯೊಳಕ್ಕೆ ಬಿಡ್ದೇ ಇರೋರ್ನ ನೋಡಕ್ಕೇ ಅಲ್ವಾ ಸ್ವಾಮಿ ಆಯಪ್ಪ ತೇರೇರಿ ಹೊರಕ್ಕೆ ಬಂದಿರೋದು, ಕೇರಿ ಕಡೆ ತಿರುಗ್ಸಿ" ಅನ್ನುತ್ತಾನೆ. ಹೋದ ವರ್ಷ ಅವನ ಮಾತು ಮುಗಿಯುವ ಮೊದಲೇ ಎಳೆದುಬಿಟ್ಟರು, ಎರಡು ಬೆರಳು ಗಾಲಿಯಡಿ ಹೋದವು. ಈ ವರ್ಷ ಅದೇ ತಿರುವಿನಲ್ಲಿ, ಮೂರೇ ಬೆರಳುಳಿದ ಆ ಕೈಯನ್ನು ಗಾಲಿಯ ಮುಂದಿಟ್ಟು, "ಈಗ ಎಳೀರಿ" ಅಂದ. ಯಾರೂ ಎಳೆಯಲಿಲ್ಲ. ಕೇರಿಯ ಕಡೆಗೆ ಮೊದಲು ಹಗ್ಗ ತಿರುಗಿತು, ಹಿಂದೆಯೇ ತೇರು.